ಬೊಂತೆಯೊಳಗಿನ ಪಂಚೆ

ಅಂದು ಮಧ್ಯಾಹ್ನ ರಂಗರಾಜು ಮುದ್ದೆ ಉಂಡ, ಹುರುಳಿ ಸಾರಿಗೆ ಉಪ್ಪು ಸಾಲದು ಅಂದ, ಜಗುಲಿಯ ಮೇಲೆ ಕಾಲು ಚಾಚಿ ಕೂತ. ಎದುರಿಗೆ ಹೆಂಡತಿ ಗಂಗಲಕ್ಷ್ಮಿ ಬೊಂತೆ ಹರವಿಕೊಂಡು ಹೊಲಿಯುತ್ತಿದ್ದಳು. ಮಗುವಿನ ಮಂಚದ ಅಳತೆಯ ಕೌದಿ. ಮೇಲುಬಟ್ಟೆ ಕೆನೆಬಣ್ಣದ್ದು. ಅದರ ತುಂಬ ಕೆಂಪು ಗೆರೆಯ ಚಿತ್ರ: ಮರದಡಿ ಕುರಿ ಕಾಯುವ ಒಬ್ಬ ಹುಡುಗಿ, ಕೈಯಲ್ಲೊಂದು ಹೂವಿನ ಬುಟ್ಟಿ.

"ಇವ್ಳು ಯಾವ ಸೀಮೆ ಕುರಿಯೋಳು? ಬೂಟ್ ಹಾಕ್ಕಂಡು ಕುರಿ ಕಾಯ್ತಾವ್ಳೆ," ಅಂದ ರಂಗರಾಜು.

"ಫ್ರಾನ್ಸ್ ಸೀಮೆಯಂತೆ. ಅಲ್ಲಿ ರಾಜರ ಕಾಲ್ದಾಗೆ ಇಂಗೇ ಅಚ್ಚಾಕ್ತಿದ್ರಂತೆ. ಅದೇ ಮಾದರೀಲಿ ಈಗ ತಿರ್ಗಾ ಅಚ್ಚಾಕ್ತಾರೆ. ತೇಜಸ್ವಿನಿ ಹೇಳಿದ್ಲು."

"ಅಷ್ಟು ದೂರದಿಂದ ಬಂದು ನನ್ ಪಂಚೆ ಮೇಲೆ ಕುಂತವ್ಳಲ್ಲ. ಪುಣ್ಯಾತ್‌ಗಿತ್ತಿ."

ಒಳಗಿದ್ದ ಅವನ ತಾಯಿ, ಕಣ್ಣು ಕಾಣದ ರಂಗಕ್ಕ, ಕೇಳಿಸಿಕೊಂಡು ನಕ್ಕಳು.

ಪಂಚೆಯ ಮಾತು ನಿಜವೇ. ತೇಜಸ್ವಿನಿ ರಂಗರಾಜುವಿನ ಅಕ್ಕನ ಮಗಳು. ಮಧುಗಿರಿಯ ಒಂದು ಹೊಲಿಗೆ ಕೇಂದ್ರದಲ್ಲಿ ಕೆಲಸ. ಬೆಂಗಳೂರಿನ ಅಂಗಡಿಯಿಂದ ಆರ್ಡರಿಗೆ ಬಂದ ಬಟ್ಟೆ ಅವಳೇ ತಂದು ಕೊಟ್ಟಿದ್ದಳು. ನಡುವೆ ಹಾಕಲೆಂದು ಬಿಳಿ ಹತ್ತಿಯ ಹಾಸೊಂದನ್ನು ಸುರುಳಿ ಸುತ್ತಿ ಕೊಟ್ಟಿದ್ದಳು. ಗಂಗಲಕ್ಷ್ಮಿ ಅದನ್ನು ಮೂಸಿ ನೋಡಿ ಮೂಲೆಗಿಟ್ಟಳು. ಮೇಲೆ ಕೆಳಗೆ ಗಟ್ಟಿ ಬಟ್ಟೆ, ನಡುವೆ ಮನೆಯವರು ಉಟ್ಟು ಸವೆದ ಬಟ್ಟೆ, ಅದು ಬೊಂತೆ. ಅವಳ ತಾಯಿ ಹಾಗೇ ಕಲಿಸಿದ್ದು. ಗಂಡನ ಹಸಿರಂಚಿನ ಹಳೇ ಪಂಚೆಯನ್ನು ಎರಡು ಮಡಿಕೆ ಮಾಡಿ ಒಳಗಿಟ್ಟಳು. ಅಂಗಡಿಯವರು ಹೇಳಿದಂತೆ ಚಿತ್ರಗಳ ಸುತ್ತ ಹೊಲಿಗೆ ಓಡಿಸಿದಳು. ಅಂದು ಸಂಜೆಗೆ ಅಂಚು ಕಟ್ಟುವುದೊಂದು ಬಿಟ್ಟು ಎಲ್ಲ ಮುಗಿದಿತ್ತು.

ರಂಗರಾಜು ಊರಿನ ನೀರುಗಂಟಿ. ಮಾರನೇ ದಿನ ಬೆಳಗ್ಗೆ ಟ್ಯಾಂಕಿನ ವಾಲ್ವ್ ತಿರುಗಿಸಲು ಹೋದವನು ಅಲ್ಲೇ ಕುಸಿದ. ಕೊಡಿಗೇನಹಳ್ಳಿ ದಾಟಿ ಮಧುಗಿರಿ ಆಸ್ಪತ್ರೆ ಮುಟ್ಟುವಷ್ಟರಲ್ಲಿ ಜೀವ ಇರಲಿಲ್ಲ. ಊರಿಗೆ ಅವತ್ತು ನೀರು ಬರಲಿಲ್ಲ.

ಸತ್ತವರ ಬಟ್ಟೆ ಮನೆಯಲ್ಲಿ ಇಟ್ಟುಕೊಳ್ಳುವ ಪದ್ಧತಿ ಅವರಲ್ಲಿ ಇಲ್ಲ. ತಿಥಿಯ ದಿನ ಎಲ್ಲ ಮೂಟೆ ಕಟ್ಟಿ ಕೆರೆಯಾಚೆ ಸುಡುತ್ತಾರೆ. ಒಂದು ಬಟ್ಟೆ ಉಳಿದರೂ ಹೋದ ಜೀವ ಹೊಸಿಲಲ್ಲೇ ನಿಲ್ಲುತ್ತದೆ, ಇನ್ನೊಬ್ಬರನ್ನು ಕರೆಯುತ್ತದೆ ಎಂಬ ಭಯ. ರಂಗರಾಜುವಿನ ಅಣ್ಣ ದೊಡ್ಡಹನುಮಯ್ಯ ಆ ಕೆಲಸಕ್ಕೆ ನಿಂತ. ಅವನಿಗೆ ಸಣ್ಣ ಮೊಮ್ಮಕ್ಕಳಿದ್ದರು, ಗೋಡೆಯಾಚೆಯೇ ಮನೆ.

ಅವನು ಅಂಗಿಗಳನ್ನು ಗೂಟದಿಂದ ತೆಗೆದ. ಟವೆಲ್ಲು, ಸ್ವೆಟರು, ಮದುವೆಯ ಪ್ಯಾಂಟು ಎಲ್ಲ ಹೊರಬಂತು. ಗಂಗಲಕ್ಷ್ಮಿ ಗೋಡೆಗೆ ಒರಗಿ ನೋಡುತ್ತಿದ್ದಳು. ಅಳು ಬರಲಿಲ್ಲ. ಕಣ್ಣೆಲ್ಲ ಪೆಟ್ಟಿಗೆಯ ಮೇಲಿದ್ದ ಬೊಂತೆಯ ಮೇಲೆ. ಹೇಳಿದರೆ ಭಾವ ಅದನ್ನೂ ಮೂಟೆಗೆ ಹಾಕುತ್ತಾನೆ. ಹೇಳದಿದ್ದರೆ ತೇಜಸ್ವಿನಿ ಬಂದು ಒಯ್ಯುತ್ತಾಳೆ. ಹೇಗಾದರೂ ಅವನ ಕೊನೆಯ ಬಟ್ಟೆ ಮನೆ ಬಿಡುತ್ತದೆ.

ದೊಡ್ಡಹನುಮಯ್ಯ ಬೊಂತೆ ಎತ್ತಿದ.

"ಇದೇನಮ್ಮ?"

"ಆರ್ಡರ್ದು ಭಾವ. ಅಂಗಡಿಯೋರ್ದು."

ಅವನು ಅದನ್ನು ಕೆಳಗಿಡಲಿಲ್ಲ. ಕೈಯಲ್ಲಿ ಹಿಡಿದೇ ಯೋಚಿಸಿದ.

"ಹಸಿರಂಚಿಂದು ಒಂದು ಪಂಚೆ ಇತ್ತು. ಹಿಂದೂಪುರದಾಗೆ ಇಬ್ರೂ ಜೋಡಿ ತಗಂಡಿದ್ವಿ. ಅದೆಲ್ಲಿ?"

ಗಂಗಲಕ್ಷ್ಮಿ ಅತ್ತೆಯ ಕಡೆ ನೋಡಿದಳು.

ಮೂಲೆಯಿಂದ ರಂಗಕ್ಕ ಅಂದಳು: "ಹರಿದೋಗಿತ್ತು ಕಣ್ಲಾ. ನಾನೇ ಒಲೆ ಒರೆಸಕ್ಕೆ ತಗಂಡು ಯಾವಾಗ್ಲೋ ಬಿಸಾಕಿದೆ. ತಿಪ್ಪೆ ಕೆದಕ್ತೀಯೇನು?"

"ಕೇಳಿದ್ರೆ ತಪ್ಪಾ ಅವ್ವ? ಮನೇಲಿ ಕೂಸವೆ."

"ನಂಗೂ ಗೊತ್ತು ಹೋಗ್ಲಾ."

ಅವನು ಮೂಟೆ ಹೊತ್ತು ಹೋದ. ಸ್ವಲ್ಪ ಹೊತ್ತಿಗೆ ಕೆರೆಯಾಚೆ ಹೊಗೆ ಎದ್ದಿತು.

"ಸುಳ್ಳು ಹೇಳಿದ್ದು ನಿನ್ಗೋಸ್ಕರ ಅಲ್ಲ," ಅಂದಳು ರಂಗಕ್ಕ. "ಹೋದೋನು ನನ್ ಹೊಟ್ಟೇಲಿ ಹುಟ್ಟಿದೋನು."

ತಿಥಿಗೆ ಬಂದಿದ್ದ ತೇಜಸ್ವಿನಿ ನೆಂಟರೆಲ್ಲ ಎದ್ದ ಮೇಲೆ ಮೆಲ್ಲಗೆ ಕೇಳಿದಳು. "ಅತ್ತೆ, ಇವತ್ತು ಕೇಳ್ಬಾರ್ದು. ಆದ್ರೆ ನಾಳೆ ಪಾರ್ಸಲ್ ಹೋಗ್ಬೇಕು. ಅಂಚು ನಾನೇ ಕಟ್ಕತೀನಿ, ಕೊಡು." ಬೊಂತೆ ಮಡಚುವಾಗ ಅವಳ ಕೈ ನಿಂತಿತು. "ಹತ್ತಿ ಹಾಸು ಹಾಕಿಲ್ವಾ? ತೆಳ್ಳಗೈತೆ. ಒಳಗೇನೈತೆ?"

"ನಿಮ್ ಮಾವನ ಪಂಚೆ."

ತೇಜಸ್ವಿನಿ ಬೊಂತೆಯನ್ನು ನೆಲಕ್ಕೆ ಬಿಟ್ಟಳು. "ಎಂಥ ಕೆಲ್ಸ ಮಾಡ್ದೆ ಅತ್ತೆ. ಹಸುಗೂಸಿಗೆ ಹೋಗೋದು ಇದು."

"ಆಗ ಅವ್ರು ಬದುಕಿದ್ರು."

ಗಂಗಲಕ್ಷ್ಮಿ ಬಾಗಿಲು ಮುಂದೆ ಮಾಡಿ ಹೊಲಿಗೆ ಬಿಚ್ಚಲು ಬ್ಲೇಡು ತಂದಳು. ಮೇಲಿನ ಬಟ್ಟೆ ಇಷ್ಟೇ ಇದ್ದದ್ದು, ಬೇರೆ ಸಿಗುವುದಿಲ್ಲ. ಬ್ಲೇಡು ಒಂದು ಎಳೆ ಜಾರಿದರೂ ಕುರಿಯವಳ ಮುಖ ಹರಿಯುತ್ತದೆ. ಗಂಗಲಕ್ಷ್ಮಿ ದಾರ ಕೊಯ್ದಳು, ತೇಜಸ್ವಿನಿ ಎಳೆದಳು, ಕಣ್ಣು ಕಾಣದ ರಂಗಕ್ಕ ದಾರದ ತುಂಡುಗಳನ್ನು ಬೆರಳಿಂದ ಹುಡುಕಿ ಆರಿಸಿದಳು. ಕೊನೆಯ ಬಸ್ಸಿಗೆ ಇನ್ನೂ ಹೊತ್ತಿತ್ತು, ಆದರೂ ಮೂವರೂ ರಸ್ತೆ ಕಡೆ ಕಿವಿ ಇಟ್ಟೇ ಕೂತಿದ್ದರು.

ಪಂಚೆ ಹೊರಬಂತು. ಹಸಿರಂಚು ಮಾಸಿತ್ತು. ಒಂದು ಮೂಲೆಯಲ್ಲಿ ವಾಲ್ವಿನ ಗ್ರೀಸಿನ ಕಲೆ. ಬಟ್ಟೆಯ ತುಂಬ ಸೂಜಿಯ ತೂತುಗಳು. ಬೆಳಕಿಗೆ ಹಿಡಿದರೆ ಮರ ಕಂಡಿತು, ಬುಟ್ಟಿ ಕಂಡಿತು, ಬೂಟಿನ ಹುಡುಗಿ ಕಂಡಳು. ಗಂಗಲಕ್ಷ್ಮಿಗೆ ಆಗ ಅಳು ಬಂತು. ಬಾಯಿಗೆ ಸೆರಗು ಒತ್ತಿಕೊಂಡಳು.

ಬಾಗಿಲು ಸರಿಯಿತು. ದೊಡ್ಡಹನುಮಯ್ಯ. ಕೂದಲು ಇನ್ನೂ ಒದ್ದೆ, ಸುಟ್ಟು ಸ್ನಾನ ಮಾಡಿ ಬಂದಿದ್ದ. ಅಷ್ಟರಲ್ಲಿ ರಂಗಕ್ಕ ಪಂಚೆಯನ್ನು ತನ್ನ ಕೆಳಗೆ ಎಳೆದುಕೊಂಡು ಅದರ ಮೇಲೆ ಕೂತುಬಿಟ್ಟಿದ್ದಳು.

"ಮುಗೀತು," ಅಂದ ಅವನು. "ಅವ್ವ, ಏಳು. ನಮ್ಮನೆಗೆ ಬಾ, ಏನಾರ ಉಣ್ಣು."

"ಸೊಂಟ ಹಿಡ್ಕಂಡೈತೆ. ಏಳಕ್ಕಾಗಲ್ಲ."

"ಎತ್ತಲಾ?"

"ಮುಟ್ಬೇಡ."

ಅವನ ಕಣ್ಣು ಕೆಳಗಿಳಿಯಿತು. ಅವಳ ಮಂಡಿಯ ಪಕ್ಕ ಗೇಣುದ್ದ ಹಸಿರಂಚು ಹೊರಗೆ ಬಿದ್ದಿತ್ತು. ದೊಡ್ಡಹನುಮಯ್ಯ ಉಟ್ಟಿದ್ದೂ ಅಂಥದೇ ಅಂಚಿನ ಪಂಚೆ. ಅವನು ತಾಯಿಯನ್ನು ನೋಡಿದ, ತಮ್ಮನ ಹೆಂಡತಿಯನ್ನು ನೋಡಿದ, ಗೋಡೆಯಾಚೆ ಮೊಮ್ಮಗು ಅಳುವ ಸದ್ದಿಗೆ ತಲೆ ತಿರುಗಿಸಿದ. ಒಂದು ಹೆಜ್ಜೆ ಹಿಂದಿಟ್ಟು ಹೊಸಿಲಾಚೆ ನಿಂತ.

"ನೆಲ ತಣ್ಣಗೈತೆ ಅವ್ವ," ಅಂದ ಕೊನೆಗೆ. "ಸರಿಯಾಗಿ ಹಾಸ್ಕಂಡು ಕೂತ್ಕ." ಹೊರಟವನು ತಿರುಗಿದ. "ನಮ್ ಮಕ್ಳು ಅದರ ಮೇಲೆ ಆಡ್ಬಾರ್ದು. ಅಷ್ಟೇ ಕಣಮ್ಮ."

ಸಂಜೆಯ ಕೊನೆಯ ಬಸ್ಸಿಗೆ ತೇಜಸ್ವಿನಿ ಹತ್ತಿ ಹಾಸು ತುಂಬಿದ ಬಟ್ಟೆ ಒಯ್ದಳು. ಹಳೇ ತೂತುಗಳಲ್ಲೇ ಹೊಸ ಹೊಲಿಗೆ ಹಾಕುವುದಾಗಿ ಹೇಳಿದಳು.

ಆ ವಾರ ಗಂಗಲಕ್ಷ್ಮಿ ಅತ್ತೆಯ ಎರಡು ಹಳೇ ಸೀರೆಗಳ ನಡುವೆ ಪಂಚೆ ಇಟ್ಟು ಹೊಲಿದಳು. ಈಗ ರಂಗಕ್ಕ ಮಲಗುವುದು ಅದರ ಮೇಲೆ. ದೊಡ್ಡಹನುಮಯ್ಯನ ಮೊಮ್ಮಕ್ಕಳು ಆ ಕೋಣೆಗೆ ಬರುವುದಿಲ್ಲ. ಅವನು ಬರುತ್ತಾನೆ, ಹೊಸಿಲಾಚೆ ನಿಂತು ತಾಯಿಯನ್ನು ಮಾತಾಡಿಸಿ ಹೋಗುತ್ತಾನೆ. ಗಂಗಲಕ್ಷ್ಮಿಗೂ ಕೆಲವು ಸಲ ಭಯವಾಗುತ್ತದೆ. ಅತ್ತೆ ಕೆಮ್ಮಿದರೆ ಎದ್ದು ಕೂರುತ್ತಾಳೆ.

ಬೆಳಗ್ಗೆ ಪಕ್ಕದ ಮನೆಯ ಮಕ್ಕಳು ಏಳುವ ಮುಂಚೆ ಅತ್ತೆಯನ್ನು ಎಬ್ಬಿಸುತ್ತಾಳೆ. ಬೊಂತೆಯನ್ನು ಹಿತ್ತಲಿಗೆ ಒಯ್ದು ಎರಡು ಕೈಯಲ್ಲಿ ಕೊಡವುತ್ತಾಳೆ, ಕಲ್ಲಿನ ಗೋಡೆಯ ಮೇಲೆ ಹರವುತ್ತಾಳೆ, ಎಳೆಬಿಸಿಲು ತಾಗಿದ ಮೇಲೆ ಮಡಚಿ ಒಳಗೆ ತರುತ್ತಾಳೆ.