ಪಾಷಾ ಕೆತ್ತಿದ ಹಿಡಿ

ಶಿವಾಜಿನಗರದ ಅಹ್ಮದ್ ಪಾಷಾ ಅವರ ಬಳಿ ಚೂರಿ ಮಾಡಿಸಬೇಕೆಂದರೆ ಮನೆಯಲ್ಲಿ ಚಪಾತಿ ಹಿಟ್ಟಿನ ಮುದ್ದೆಯೊಂದನ್ನು ಚೂರಿ ಹಿಡಿದಂತೆ ಗಟ್ಟಿಯಾಗಿ ಹಿಡಿದು, ಬೆರಳಿನ ಗುರುತು ಮೂಡಿಸಿ ತಂದುಕೊಡಬೇಕು. ಆ ಗುರುತು ನೋಡಿಯೇ ಅವರು ಹಿಡಿ ಕೆತ್ತುವುದು. ನಲವತ್ತು ವರ್ಷಗಳಲ್ಲಿ ಒಂದು ಚೂರಿಯೂ ವಾಪಸ್ ಬಂದಿರಲಿಲ್ಲ.

ಮರ್ಫಿ ಟೌನಿನ ಚಲುವಯ್ಯ ತಮ್ಮ ತಾತನ ಹತ್ತಿರ ಇದ್ದಂಥದೇ ಬೇಟೆ ಚೂರಿ ಬೇಕೆಂದಿದ್ದರು. ಬೇಟೆಯಾಡಲಿಕ್ಕಲ್ಲ, ಬರೀ ಆಸೆಗೆ. ಪಾಷಾ ಲಾರಿಯ ಹಳೇ ಸ್ಪ್ರಿಂಗ್ ಪಟ್ಟಿಯನ್ನು ಕಾಸಿ, ಬಡಿದು, ಮೂರು ವಾರ ಉಜ್ಜಿ ಅಲಗನ್ನು ಕನ್ನಡಿ ಮಾಡಿದರು. ಚಲುವಯ್ಯ ತಂದುಕೊಟ್ಟ ಹಿಟ್ಟಿನ ಗುರುತು ನೋಡಿ ಎಮ್ಮೆ ಕೊಂಬಿನ ಹಿಡಿ ಕೆತ್ತಿ ಹಾಕಿದರು.

ಚಲುವಯ್ಯ ಹೆಂಡತಿ ಮಂಜುಳಮ್ಮನೊಂದಿಗೆ ಬಂದು ಚೂರಿ ಕೈಗೆತ್ತಿಕೊಂಡರು. "ಎಷ್ಟು ಚೆನ್ನಾಗಿದೆ ಪಾಷಾ ಅವ್ರೇ! ಆದ್ರೆ ಬೆರಳೇ ಕೂರ್ತಿಲ್ವಲ್ಲ."

ಪಾಷಾಗೆ ಪಿತ್ತ ನೆತ್ತಿಗೇರಿತು. "ಕೂರ್ದೆ ಏನು? ಸರಿಯಾಗಿ ಹಿಡೀರಿ!"

"ಕೊಡ್ರೀ ಇಲ್ಲಿ," ಎಂದು ಮಂಜುಳಮ್ಮ ಚೂರಿ ಇಸಿದುಕೊಂಡರು. ಅವರ ನಾಲ್ಕು ಬೆರಳೂ ಹಿಡಿಯ ನಾಲ್ಕು ತಗ್ಗುಗಳಲ್ಲಿ ಹೇಳಿ ಮಾಡಿಸಿದಂತೆ ಕೂತವು.

ಪಾಷಾ ಕಣ್ಣು ಕಿರಿದು ಮಾಡಿದರು. "ಆವತ್ತು ಹಿಟ್ಟು ಹಿಡ್ದಿದ್ದು ಯಾರಮ್ಮಾ?"

"ನಾನೇ. ಕೈಗೆ ಅಂಟುತ್ತೆ, ನೀನೇ ಹಿಡ್ಕೊಡು ಅಂದ್ರು ಇವ್ರು."

ಪಾಷಾ ಹೊಟ್ಟೆ ಹಿಡಿದುಕೊಂಡು ನಕ್ಕರು. ಸದ್ಯ, ತಮ್ಮ ಕೈ ತಪ್ಪಿರಲಿಲ್ಲ.

"ಇದ್ರಲ್ಲಿ ಹಲಸಿನಹಣ್ಣು ಕೊಯ್ಬಹುದಾ?" ಮಂಜುಳಮ್ಮ ಕೇಳಿದರು.

"ಕಾಡುಹಂದಿ ಕೊಯ್ಯೋ ಚೂರಿ ಅಮ್ಮಾ, ಹಲಸು ಯಾವ ಲೆಕ್ಕ?"

ಮಂಜುಳಮ್ಮ ಚೂರಿಯನ್ನು ಸೀದಾ ತಮ್ಮ ಬ್ಯಾಗಿಗೆ ಹಾಕಿಕೊಂಡರು. ಚಲುವಯ್ಯ ಪೆಚ್ಚಾಗಿ ನಿಂತಿದ್ದರು. "ಹಾಗಾದ್ರೆ ನಂದು?"

"ಮಾಡ್ಕೊಡ್ತೀನಿ ಸಾರ್," ಎಂದರು ಪಾಷಾ. "ಈ ಸಲ ಹಿಟ್ಟು ನೀವೇ ಕಲಸ್ಕೊಂಡು ಬನ್ನಿ."