ಮೂಟೆಯಲ್ಲಿ ಬಂದ ಹುಳ

ಮೊನ್ನೆ ಬಾಗಿಲಿಗೆ ಬಣ್ಣ ಬಳಿಯಲು ಬಂದವರು ಕೆಲಸ ಮುಗಿಸಿ ಸೀಮೆಎಣ್ಣೆಯಲ್ಲಿ ಬ್ರಷ್ ತೊಳೆದರು. ಆ ವಾಸನೆ ಮೂಗಿಗೆ ಬಡಿದದ್ದೇ ತಡ, ಮಾಮಿಯ ಮುಖ ಕಣ್ಣೆದುರು ಬಂದು ನಿಂತಿತು. ಅರವತ್ತು ವರ್ಷ ಕಳೆದರೂ ಆ ಹೆಂಗಸಿನ ಮೇಲಿನ ನನ್ನ ಸಿಟ್ಟು ಎಳ್ಳಷ್ಟೂ ಇಳಿದಿಲ್ಲ.

ಮಾಮಿ ಎಂದರೆ ತ್ರಿಪ್ಲಿಕೇನಿನಲ್ಲಿ ನಾವು ಬಾಡಿಗೆಗಿದ್ದ ಮನೆಯ ಒಡತಿ. ಅಪ್ಪನಿಗೆ ರೈಲ್ವೆಯಲ್ಲಿ ವರ್ಗವಾಗಿ ಅರಸೀಕೆರೆಯಿಂದ ಮದರಾಸಿಗೆ ಬಂದಿಳಿದಾಗ ನನಗೆ ಹತ್ತು ವರ್ಷ. ಒಂದೇ ಅಂಗಳದ ಸುತ್ತ ಐದು ಸಂಸಾರ. ಮಾಮಿಯ ಮನೆತನವೂ ಕನ್ನಡದ್ದೇ; ಅಜ್ಜನ ಕಾಲಕ್ಕೆ ಬಂದು ನೆಲೆಸಿದವರು. ಆದರೂ ನಮ್ಮನ್ನು ಕಂಡರೆ ಅವರಿಗೆ ಆಗುತ್ತಿರಲಿಲ್ಲ.

ನಾವು ಬಂದ ವಾರದಲ್ಲೇ ಗೋಡೆಯ ಮೇಲೊಂದು ತಿಗಣೆ ಕಂಡಿತು. ಮಾಮಿ ಅಂಗಳದ ನಡುವೆ ನಿಂತು ನನ್ನನ್ನು ಕರೆದರು.

"ಇದಕ್ಕೆ ಇಲ್ಲಿ ಮೂಟ್ಟೆಪೂಚ್ಚಿ ಅಂತಾರೆ. ಯಾಕೆ ಆ ಪೇರು, ಗೊತ್ತಾ ಕೊಳಂದೆ? ಊರು ಬಿಟ್ಟು ಬರೋವ್ರ ಮೂಟೇಲಿ ಕೂತ್ಕೊಂಡು ಬರೋ ಪೂಚ್ಚಿ, ಹುಳ. ನಿಮ್ಮಪ್ಪ ಎಷ್ಟು ಮೂಟೆ ತಂದ್ರು?"

ನಾನು ಪೆದ್ದಿಯಂತೆ "ಏಳು" ಎಂದೆ. ಅಂಗಳದಲ್ಲಿದ್ದವರೆಲ್ಲ ನಕ್ಕರು.

ಆ ಹೆಸರಿನ ಹುಟ್ಟನ್ನು ಆಮೇಲೆ ಹಲವರಲ್ಲಿ ವಿಚಾರಿಸಿದ್ದೇನೆ... ಗಂಟುಮೂಟೆಯ ಜೊತೆ ಊರೂರು ಸುತ್ತುವುದಕ್ಕೆ ಎಂದರು ಕೆಲವರು. ಗೋಣಿಚೀಲದ ಹೊಲಿಗೆಯಲ್ಲಿ ಅಡಗುವುದಕ್ಕೆ ಎಂದರು ಇನ್ನು ಕೆಲವರು. ಖಚಿತವಾಗಿ ಗೊತ್ತಿದ್ದದ್ದು ಮಾಮಿಯೊಬ್ಬರಿಗೇ! ನಮ್ಮ ಕನ್ನಡದ ತಿಗಣೆ ಎಂಬ ಮಾತಾದರೋ, ಪಾಪ, ಯಾರ ಮೇಲೂ ಚಾಡಿ ಹೇಳುವುದಿಲ್ಲ. ಅಂದಿನಿಂದ ಶನಿವಾರ ಬಂತೆಂದರೆ ಅಮ್ಮ ಹಾಸಿಗೆಗಳನ್ನೆಲ್ಲ ಮಹಡಿಯ ಬಿಸಿಲಿಗೆ ಹೊರಬೇಕು, ಮಂಚದ ಸಂದುಗಳಿಗೆ ಸೀಮೆಎಣ್ಣೆ ಬಿಡಬೇಕು. ಮಾಮಿ ಕೆಳಗಿನಿಂದಲೇ ಅಧಿಕಾರ ಚಲಾಯಿಸುತ್ತಿದ್ದರು.

ಎರಡು ವರ್ಷದ ಮೇಲೆ ಅಕ್ಕನನ್ನು ನೋಡಲು ಗಂಡಿನ ಕಡೆಯವರು ಬಂದರು. ಹುಡುಗನ ಫೋಟೋ ಅಕ್ಕನಿಗೆ ಎಷ್ಟು ಹಿಡಿಸಿತ್ತೆಂದರೆ, ಅದನ್ನು ಪುಸ್ತಕದೊಳಗೆ ಇಟ್ಟುಕೊಂಡು ಓಡಾಡುತ್ತಿದ್ದಳು. ನಮ್ಮ ಮನೆಯಲ್ಲಿ ಕೂರಲು ಇದ್ದದ್ದು ಚಾಪೆ. ಹೆಣ್ಣು ನೋಡುವ ದಿನ ಪಕ್ಕದ ಮನೆಯಿಂದ ಕುರ್ಚಿ ತರುವುದು ಆಗ ಎಲ್ಲರೂ ಮಾಡುತ್ತಿದ್ದದ್ದೇ. ಅಮ್ಮ ಮಾಮಿಯನ್ನು ಬೇಡಿಕೊಂಡು ನಾಲ್ಕು ಬೆತ್ತದ ಕುರ್ಚಿ ತಂದಳು. ಹುಡುಗನ ತಾಯಿ ಕೂರುತ್ತಾ, "ಕುರ್ಚಿ ಚೆನ್ನಾಗಿವೆ" ಎಂದರು.

"ನಮ್ಮವೇ. ಹೋದ ವರ್ಷ ಹೇಳಿ ಮಾಡಿಸಿದ್ದು" ಎಂದುಬಿಟ್ಟರು ಅಪ್ಪ.

ಉಪ್ಪಿಟ್ಟಿನ ತಟ್ಟೆ ಕೈಗೆ ಬರುವಷ್ಟರಲ್ಲಿ ಆಕೆ ಮಿಸುಕಾಡತೊಡಗಿದರು. ಆಮೇಲೆ ಧಡಕ್ಕನೆ ಎದ್ದರು. ಸೀರೆಯ ಮೇಲೆ, ರಕ್ತ ಕುಡಿದು ಉಬ್ಬಿದ ತಿಗಣೆ ಹರಿಯುತ್ತಿತ್ತು. ಬಾಗಿಲಲ್ಲಿ ನಿಂತಿದ್ದ ಮಾಮಿ ಎಲ್ಲರಿಗೂ ಕೇಳಿಸುವಂತೆ, "ಇವರು ಬಂದಾಗ್ಲಿಂದ ಹೀಗೇಮ್ಮಾ. ಊರಿಂದ ಮೂಟೇಲಿ ತಂದ್ರು" ಎಂದರು.

ಅಮ್ಮ ಅಪ್ಪನ ಮುಖ ನೋಡಿದಳು. ಅಪ್ಪ ತಲೆ ಎತ್ತಲಿಲ್ಲ... ಬಂದವರು ಕಾಫಿ ಮುಟ್ಟದೆ ಹೊರಟರು. ವಾರದೊಳಗೆ ಕಾಗದ ಬಂತು, ಜಾತಕ ಕೂಡಿಬರಲಿಲ್ಲವಂತೆ.

ಅವರು ಬಂದುಹೋದ ಮರುದಿನವೇ ನಾನು ಒಂದು ಕುರ್ಚಿಯನ್ನು ಮಹಡಿಯ ಬಿಸಿಲಿಗೆ ಇಟ್ಟಿದ್ದೆ. ಬೆತ್ತದ ಹೆಣಿಗೆಯಿಂದ ತಿಗಣೆಗಳು ಬುಳುಬುಳು ಹೊರಬಂದವು. ಮಾಮಿಯನ್ನು ಕರೆದು ತೋರಿಸಿದೆ.

"ಒಂದು ದಿವಸ ನಿಮ್ಮನೇಲಿ ಇತ್ತಲ್ಲ, ಅಲ್ಲೇ ಹತ್ತಿಕೊಂಡಿರತ್ತೆ" ಎಂದರು, ಕಣ್ಣು ಮಿಟುಕಿಸದೆ. ಎದುರು ಮಾತಾಡಿದ್ದಕ್ಕೆ ಅಮ್ಮ ನನಗೇ ಬಾರಿಸಿದಳು.

ಅಂಗಳದ ಮಾತು ಊರೆಲ್ಲ ಹಬ್ಬಿತು. ಅಕ್ಕನಿಗೆ ಮತ್ತೆ ಸಂಬಂಧ ಕುದುರಲಿಲ್ಲ. ಮಕ್ಕಳಿಗೆ ಪಾಠ ಹೇಳುತ್ತಾ ಒಂಟಿಯಾಗಿಯೇ ಉಳಿದಳು. ಮಾಮಿ ಸತ್ತ ಸುದ್ದಿ ಬಂದ ದಿನ ನಾನು ಹೊಟ್ಟೆತುಂಬ ಉಂಡೆ. ನಾಚಿಕೆಯೇನೂ ಆಗಲಿಲ್ಲ.

ಹೋದ ವರ್ಷ ಅಕ್ಕ ತೀರಿಕೊಂಡಳು. ಕೊನೆಯ ದಿನಗಳಲ್ಲಿ ಅವಳ ಪಕ್ಕ ಕೂತು ನಾನು ಎಂದಿನಂತೆ ಮಾಮಿಗೆ ಶಾಪ ಹಾಕುತ್ತಿದ್ದೆ. ಅಕ್ಕ ನನ್ನ ಕೈ ಹಿಡಿದಳು.

"ಬಿಡೇ, ಅವರು ಹೊರಗಿನವರು. ಕುರ್ಚಿ ನಮ್ಮದಲ್ಲ ಅಂತ ಅಪ್ಪ ಒಂದು ಮಾತು ಹೇಳಬಹುದಿತ್ತು."

ಅಷ್ಟು ವರ್ಷಗಳಲ್ಲಿ ಅವಳು ಆ ವಿಷಯ ಎತ್ತಿದ್ದು ಅದೊಂದೇ ಸಲ. ಈಗ ಅವಳೂ ಇಲ್ಲ. ಮಾಮಿಯನ್ನು ಬೈಯಲು ನನ್ನಲ್ಲಿ ಇವತ್ತಿಗೂ ಬಾಯಿತುಂಬ ಮಾತಿದೆ. ಅಪ್ಪನನ್ನು ಬೈಯಲು ಮಾತ್ರ ಇನ್ನೂ ಬಾಯಿ ಬಂದಿಲ್ಲ.