ಅಕ್ಷರಗಳ ಜಾಗ ಬದಲಿಸಿದ್ದು

ಮೊನ್ನೆ ಹಾವೇರಿಯ ಬ್ಯಾಂಕಿನಲ್ಲಿ ಪಾಸ್‌ಬುಕ್ ಕೊಟ್ಟು ನಿಂತಿದ್ದೆ. ಕೌಂಟರಿನ ಕೀಬೋರ್ಡಿಗೆ ಆಯುಧಪೂಜೆಯ ವಿಭೂತಿ ಇನ್ನೂ ಅಂಟಿಕೊಂಡಿತ್ತು. ಶಿಫ್ಟ್ ಕೀಯ ಮೇಲೊಂದು ಕುಂಕುಮದ ಬೊಟ್ಟು. ಬ್ಯಾಡಗಿಯಲ್ಲಿ ನಮ್ಮ ಮನೆಯ ಎದುರಿಗಿದ್ದ ಡಿಟಿಪಿ ಅಂಗಡಿಯವರು ನೆನಪಾದರು... ಅವರೂ ಹೀಗೆಯೇ, ಪೂಜೆ ಮಾಡಿದ ಕೀಬೋರ್ಡನ್ನು ವಾರಗಟ್ಟಲೆ ಒರೆಸುತ್ತಿರಲಿಲ್ಲ.

ನಮ್ಮ ಓಣಿಯ ಲಗ್ನಪತ್ರಿಕೆಗಳೆಲ್ಲ ಅವರ ಕೈಯಲ್ಲೇ ಕಂಪೋಸ್ ಆಗುತ್ತಿದ್ದವು. ಕೀಗಳನ್ನು ನೋಡದೆ, ಬಂದವರ ಜೊತೆ ಹರಟುತ್ತಲೇ ಟೈಪ್ ಮಾಡುವವರು. ಒಂದು ವರ್ಷ ಲಕ್ವಾ ಹೊಡೆದು ಎಡಗೈ ಬಿದ್ದುಹೋಯಿತು. ಎರಡು ತಿಂಗಳಾದ ಮೇಲೆ ನಮ್ಮ ಮನೆಗೆ ಬಂದರು.

“ಅಕ್ಕೋರ, ಎಡಗೈ ವಾಲಂಟರಿ ರಿಟೈರ್ಮೆಂಟ್ ತಗೊಂಡೈತ್ರಿ. ಶಿಫ್ಟ್ ಒತ್ತಿ ಹಿಡಿಯವ್ರು ಯಾರೂ ಇಲ್ಲ. ಮೆನು ಎಲ್ಲಾ ಇಂಗ್ಲಿಷ್‌ನ್ಯಾಗ ಅದಾವು, ನೀವರ ನೋಡ್ರಿ.”

ಖ, ಘ, ಠ ಎಲ್ಲಕ್ಕೂ ಶಿಫ್ಟ್ ಬೇಕು. ಅಂಗಡಿ ನಡೆಯದಿದ್ದರೆ ಮನೆಯಲ್ಲಿ ಕೂರಬೇಕು. ಅದೊಂದು ಅವರಿಂದ ಆಗದ ಮಾತು.

ನಾನು ಕಾನ್ವೆಂಟಿನಲ್ಲಿ ಓದಿ ಜೀವಮಾನವೆಲ್ಲ ಇಂಗ್ಲಿಷ್ ಕಲಿಸಿದವಳು. ಸೆಟ್ಟಿಂಗ್ಸ್ ಹುಡುಕಿ ಸ್ಟಿಕಿ ಕೀಸ್ ಆನ್ ಮಾಡಿದೆ. ಶಿಫ್ಟನ್ನು ಒಮ್ಮೆ ಒತ್ತಿ ಬಿಟ್ಟರೆ ಸಾಕು, ಮುಂದಿನ ಅಕ್ಷರಕ್ಕೆ ಅದು ಕಾದಿರುತ್ತಿತ್ತು. ಸ್ಕ್ರೀನಿನ ಮೇಲೆ ಖ ಮೂಡಿದಾಗ ಅವರು ಕಣ್ಣು ತುಂಬಿಕೊಂಡು ನಕ್ಕರು. ಅಲ್ಲಿಗೇ ನಿಲ್ಲಿಸಬೇಕಿತ್ತು...

ನಿಲ್ಲಿಸಲಿಲ್ಲ. ಒಂದೇ ಕೈಯವರಿಗೆ ಎಡಗಡೆಯ ಅಕ್ಷರಗಳು ದೂರವೆಂದು ನಾನೇ ತೀರ್ಮಾನಿಸಿ, ಎರಡು ದಿನ ಕೂತು, ಸ, ದ, ತ, ರ ಎಲ್ಲವನ್ನೂ ಬಲಗಡೆಗೆ ತಂದು ಹೊಸ ಲೇಔಟ್ ಮಾಡಿದೆ. ಕೀಗಳ ಮೇಲೆ ಸ್ಟಿಕರ್ ಹಚ್ಚಿದೆ. ಸೋ ಪ್ರೌಡ್ ಆಫ್ ಮೈಸೆಲ್ಫ್! ಅವರು ಕೀಗಳನ್ನು ನೋಡಿ ನೋಡಿ ನಾಲ್ಕು ಸಾಲು ಟೈಪ್ ಮಾಡಿ, “ಭಾಳ ಚಲೋ ಆತ್ರಿ ಅಕ್ಕೋರ,” ಎಂದರು.

ಅಂದಿನಿಂದ ಮಧ್ಯಾಹ್ನವೇ ಅಂಗಡಿ ಮುಚ್ಚತೊಡಗಿತು. ಕೇಳಿದರೆ, “ರಾಣೇಬೆನ್ನೂರಿಗೆ ಹೊಂಟೇನ್ರಿ, ಕೈಗೆ ಕಸರತ್ತು ಮಾಡಸಾಕ,” ಎನ್ನುತ್ತಿದ್ದರು. ಕಾಲೆಳೆಯುತ್ತ ಬಸ್‌ಸ್ಟ್ಯಾಂಡಿನ ಕಡೆ ಹೋಗುವುದನ್ನು ಕಿಟಕಿಯಿಂದ ನೋಡಿ, ಎಂಥ ಡಿಸಿಪ್ಲಿನ್ ಎಂದುಕೊಳ್ಳುತ್ತಿದ್ದೆ. ಒಂದು ಸಂಜೆ ವಾಪಸ್ ಬರುವ ಬಸ್ಸಿನಲ್ಲಿ, ಮೋಟೆಬೆನ್ನೂರಿನ ಹತ್ತಿರ, ಎರಡನೆಯ ಸಲ ಲಕ್ವಾ ಹೊಡೆಯಿತು. ಮನೆ ಮುಟ್ಟಲಿಲ್ಲ.

ಮಾತಾಡಿಸಲು ಹೋದಾಗ ಅವರ ಹೆಂಡತಿ ನನ್ನ ಕೈ ಹಿಡಿದುಕೊಂಡರು. “ಕಸರತ್ತು ಎಲ್ಲೀದ್ರಿ ಅಕ್ಕೋರ? ಅಲ್ಲಿ ನಮ್ಮ ತಮ್ಮನ ಅಂಗಡ್ಯಾಗ ಕುಂತು ಪತ್ರಿಕಿ ಟೈಪ್ ಮಾಡತಿದ್ರು. ಅಲ್ಲಿ ಅಕ್ಷರ ಹಳೇ ಜಾಗದಾಗ ಇದ್ವು, ಶಿಫ್ಟ್ ಒತ್ತಾಕ ತಮ್ಮ ಇದ್ದ. ಇಲ್ಲಿ ಬೆರಳಿಗೆ ಅಕ್ಷರ ಸಿಗವಲ್ವು ಅಂತಿದ್ರು.”

“ನನಗೊಂದು ಮಾತು ಹೇಳಬಾರದಿತ್ತೇನ್ರಿ?”

“ನಾನೂ ಅಂದ್ನಿರಿ. ‘ಅಕ್ಕೋರು ಅಷ್ಟು ಜೀವಾ ತೇಯ್ದು ಮಾಡ್ಯಾರ, ಯಾವ ಬಾಯಿಲೆ ತಗೀರಿ ಅನ್ನೂದು’ ಅಂತ ನನ್ನ ಮ್ಯಾಲೇ ಹರಿಹಾಯ್ದ್ರು.”

ಹಳೆಯ ಲೇಔಟಿಗೆ ಮರಳಲು ಎರಡು ಕೀ ಒತ್ತಿದರೆ ಸಾಕಿತ್ತು. ಅದನ್ನು ನಾನು ಅವರಿಗೆ ತೋರಿಸಿಯೇ ಇರಲಿಲ್ಲ. ಬೇಕಾದೀತೆಂದು ಹೊಳೆಯಲೇ ಇಲ್ಲ...

ಆ ಜಾಗದಲ್ಲಿ ಈಗ ಮೊಬೈಲ್ ಅಂಗಡಿ ಇದೆ. ಅವರ ಹೆಂಡತಿ ಸಂತೆಯಲ್ಲಿ ಸಿಕ್ಕಾಗಲೆಲ್ಲ ಚಹಾಕ್ಕೆ ಕರೆಯುತ್ತಾರೆ. ನನ್ನ ಮೇಲೆ ಅವರಿಗೆ ಎಳ್ಳಷ್ಟೂ ಸಿಟ್ಟಿಲ್ಲ. ಸಿಟ್ಟಿದ್ದರೆ ಒಂದು ಸಾರಿ ‘ಸಾರಿ’ ಅಂತಾದರೂ ಅನ್ನುತ್ತಿದ್ದೆ. ಇಷ್ಟು ವರ್ಷವಾದರೂ ಆ ಮಾತು ಅವರ ಮುಂದೆ ನನ್ನ ಬಾಯಿಂದ ಹೊರಟಿಲ್ಲ.